ಖಾಲಿ ಸಾಕೆಟ್ಟು

ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಗುಜರಿ ಹರಾಜಿನಲ್ಲಿ
ಅಟೆಂಡರ್ ಪದ್ಮರಾಜಯ್ಯ ಕೂಗಿ ಹಿಡಿದದ್ದು ಅದು:
ಬೂದು ಡಬ್ಬಿ, ಒಳಗೆ ಹಲ್ಲಿಮೊಟ್ಟೆ, ಕಾಫಿ ಹೊಟ್ಟಿನ ಧೂಳು,
ಬೋರ್ಡಿನ ಮೇಲೆ ಎರಡು ಸಾಕೆಟ್ಟು.
ಒಂದರಲ್ಲಿ ಪ್ರೊಸೆಸರು.
ಇನ್ನೊಂದು ಬಾಯಿ ತೆರೆದು ಕೂತಿತ್ತು,
ಹಲ್ಲು ಕಟ್ಟಿಸಲು ದುಡ್ಡಿಲ್ಲದವರ ಹಾಗೆ.

ಹಾಸನದ ಕಾಲೇಜು, ಮೂರನೇ ಮಹಡಿಯ ಲ್ಯಾಬು.
ಆಪರೇಟಿಂಗ್ ಸಿಸ್ಟಂ ಒಂದನ್ನು ಕೈಯಾರೆ ಬರೆವ ಹುಚ್ಚು
ನನಗೆ, ನಸೀಮಾಗೆ.
ಇಲ್ಲದ ಎರಡನೆಯದಕ್ಕೂ ಬರೆದೆವು.
‘ಎರಡು ಇದ್ದರೆ’ ಎಂದು ಶುರುವಾಗುವ ಸಾಲುಗಳು,
ನಾನೂರು ಚಿಲ್ಲರೆ,
ಒಂದು ದಿನವೂ ಓಡಲಿಲ್ಲ.
ಅದಕ್ಕೇ ಒಂದರಲ್ಲೂ ತಪ್ಪು ಸಿಗಲಿಲ್ಲ.

ಬೀಗಗಳನ್ನೂ ಬರೆದೆವು, ಜಾಗ ಜಾಗಕ್ಕೆ.
ಒಬ್ಬರೇ ಇರುವ ಮನೆಯಲ್ಲಿ
ಬಚ್ಚಲ ಚಿಲಕ ಹಾಕಿದರೇನು, ಬಿಟ್ಟರೇನು?
‘ಎಷ್ಟು ಗಟ್ಟಿ ನೋಡು’ ಅನ್ನುತ್ತಿದ್ದಳು ನಸೀಮಾ,
‘ಇನ್ನೂ ಯಾರೂ ತಳ್ಳಿಲ್ಲ.’

ಹನ್ನೊಂದು ತಿಂಗಳ ಮೇಲೆ
ಚನ್ನರಾಯಪಟ್ಟಣದ ಬ್ಯಾಂಕೊಂದು ಹಳೇ ಯಂತ್ರ ಬಿಚ್ಚಿಸಿತು.
ಬೀಡಾ ಕಟ್ಟುವ ಬೆಳ್ಳಿಕಾಗದದಲ್ಲಿ ಸುತ್ತಿ
ಪದ್ಮರಾಜಯ್ಯ ತಂದರು ಎರಡನೆಯದನ್ನು.
ಅದೇ ತಳಿ, ಅದೇ ವೇಗ. ಜಾತಕ ಕೂಡಿತು.

ನಾಲ್ಕು ನಿಮಿಷ ಓಡಿತು.
ಆಮೇಲೆ ಪರದೆ ಕಲ್ಲು; ಫ್ಯಾನಿನ ಸದ್ದೊಂದೇ.

ಒಂದರ ಕೈಲಿ ಡಿಸ್ಕಿನ ಬೀಗ, ಬೇಕಾದದ್ದು ಮೆಮೊರಿಯದು.
ಇನ್ನೊಂದರ ಕೈಲಿ ಮೆಮೊರಿಯದು, ಬೇಕಾದದ್ದು ಡಿಸ್ಕಿನದು.
ಬೆಳಗಿನ ಜಾವ ಇದನ್ನು ಬಿಡಿಸಿ ಹೇಳಿದಾಗ
ಪದ್ಮರಾಜಯ್ಯ ಟೀ ಆರಿಸುತ್ತಾ ಅಂದರು:
‘ಬೀಗ ಅಲ್ಲ ತಾಯಿ, ಬೀಗರು.
ಅವರು ಕರೀಲಿ ಅಂತ ಇವರು,
ಇವರು ಬರಲಿ ಅಂತ ಅವರು.’

ಸಿಟ್ಟಿಗೆ ಎಲ್ಲ ಕಿತ್ತು ಒಂದೇ ದೊಡ್ಡ ಬೀಗ ಹಾಕಿದೆವು.
ಆಲೂಗಡ್ಡೆ ಸೀಸನ್ನಿನ ಎಪಿಎಂಸಿ ಯಾರ್ಡು ನೋಡಿದ್ದೀರಾ?
ಗೇಟು ಎರಡು, ತಕ್ಕಡಿ ಒಂದು,
ಹೆದ್ದಾರಿವರೆಗೆ ನಿಂತ ಲಾರಿ.
ಹಾಗಾಯಿತು.
ಮತ್ತೆ ಬೀಗ ಒಡೆದು, ಒಂದೊಂದಕ್ಕೂ ಸಂಖ್ಯೆ ಕೊಟ್ಟು,
ಚಿಕ್ಕದು ಮೊದಲು ಹಿಡಿಯತಕ್ಕದ್ದು ಎಂದು
ಗೋಡೆಗೆ ಸೀಮೆಸುಣ್ಣದಲ್ಲಿ ಬರೆದು,
ಒಂದು ಮಳೆಗಾಲ ಕಳೆಯಿತು.
ಓಡಿತು. ವಾರಗಟ್ಟಲೆ ಓಡಿತು.

ನಾಲ್ಕಿರುವ ಯಂತ್ರ ನಾವು ಕಂಡವರಲ್ಲ.
ಕನ್ನಡದಲ್ಲಿ ದ್ವಿವಚನವಿಲ್ಲ ಅನ್ನುತ್ತಾರೆ;
ನಮ್ಮ ಕರ್ನೆಲ್ಲಿನಲ್ಲಿ ಅದೇ ಇತ್ತು,
ಬಹುವಚನ ಇರಲಿಲ್ಲ.
ಪಟ್ಟಿಗೆ ಎರಡೇ ಮನೆ. ಪಕ್ಕದಲ್ಲಿ ನಸೀಮಾಳ ಟಿಪ್ಪಣಿ:
‘ಮೂರನೆಯದು ಸಿಕ್ಕಾಗ ನೋಡೋಣ.’

ಹೋದ ವಾರ ಆಲೂರಿನ ಹುಡುಗ ಜಯಶೀಲ
ಅದನ್ನು ಹುಡುಕಿ, ಎಂಟು ಕೋರಿನ ಯಂತ್ರಕ್ಕೆ ಏರಿಸಿದ.
ಎರಡು ದುಡಿದವು.
ಆರು ಜಗಲಿಯ ಮೇಲೆ ಕೂತು ನೋಡಿದವು.
‘ಎರಡೇ ಯಾಕೆ ಮೇಡಂ?’

ಬೀರು ತೆಗೆದು ಬೋರ್ಡು ಕೈಗಿತ್ತೆ.
ಧೂಳು ಒರೆಸಿ, ಬೆರಳಿಟ್ಟು
ಎಣಿಸಿದ ಅವನು:
ಒಂದು, ಎರಡು.