ಮೊದಲ ವಾರ ಸತ್ತವಳು

ಮೇ ತಿಂಗಳು. ಬ್ರಹ್ಮಪುರದ ಮಾಳಿಗೆಗಳ ಮೇಲೆ
ನೀರು ಚಿಮುಕಿಸಿ ಹಾಸಿದ ಕೌದಿ,
ಕೌದಿಗೊಂದು ಟ್ರಾನ್ಸಿಸ್ಟರ್.
ಬುಧವಾರ ರಾತ್ರಿ ಒಂಬತ್ತೂವರೆಗೆ, ಗುಲ್ಬರ್ಗಾ ಕೇಂದ್ರ,
ಎಲ್ಲ ಮಾಳಿಗೆಗಳಿಂದ ಒಮ್ಮೆಲೇ ನಾನು ಚೀರಿದೆ.

ನಾನೂ ಅಲ್ಲೇ ಕೂತಿದ್ದೆ,
ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತ.
ಬಾಯಿ ಮುಚ್ಚಿತ್ತು. ಊರ ತುಂಬ ನನ್ನ ದನಿ.
ಅತ್ತೆ ಕಾಲೆಳೆದುಕೊಂಡರು:
"ಇಷ್ಟು ಜೋರ ಚೀರಲಿಕ್ಕ ಬರತದೇನ ನೀಲಗಂಗಾ ನಿನಗ?"
ಮದುವೆಯಾಗಿ ಆರು ವರ್ಷವಾಗಿತ್ತು.

ಚಾಕು ಇಳಿದದ್ದು ಕಲ್ಲಂಗಡಿಗೆ.
ಖಯ್ಯೂಮ್ ಸಾಬರು ಆರಿಸಿ ತಂದದ್ದು,
ನಾಲ್ಕು ಬಡಿದು, ಕಿವಿಗೆ ಹಿಡಿದು,
"ಇದರಾಗ ಜೀವ ಅದ" ಅಂತ.
ಒಂದೇ ಟೇಕು. ಕಚಕ್.
ಹಾಳೆ ಸದ್ದಾಗದ ಹಾಗೆ ಹಿಡಿದುಕೊಂಡು ಸತ್ತೆ.
ಕೆಂಪು ದೀಪ ಆರಿದ ಮೇಲೆ
ಡಾಕ್ಟರು, ಮೈದುನ, ಕಿವುಡ ಆಳು, ಇನ್ಸ್‌ಪೆಕ್ಟರು
ಸುತ್ತ ಕೂತು ನನ್ನ ಎದೆಗೆ ಉಪ್ಪು ಹಚ್ಚಿ ತಿಂದರು.
ನಾನೂ ತಿಂದೆ. ಸಿಹಿ ಇತ್ತು.

ಮೊದಲ ವಾರವೇ ಸತ್ತವಳಿಗೆ
ಮೊದಲ ವಾರದ ಹಾಳೆಗಳಷ್ಟೇ ಕೊಡುತ್ತಾರೆ.
ಚೆಕ್ಕು ಬಂತು, ಸ್ಟೀಲಿನ ಕೊಡ ಕೊಂಡೆ.
ಓಣಿಗೆ ಅದು ಹೇಗೆ ತಿಳಿಯಬೇಕು!
ಕಿರಾಣಿ ರೇವಣಪ್ಪ ತಕ್ಕಡಿ ಗಾಳಿಯಲ್ಲೇ ನಿಲ್ಲಿಸಿ,
"ಡಾಕ್ಟರ ಹೌದಿಲ್ರಿ ಅಕ್ಕಾರ? ಕಣ್ಣಸನ್ನಿ ಮಾಡ್ರಿ ಸಾಕು."
ಟೇಲರ್ ಮಕ್ತುಂ ಮೈದುನನ ಮೇಲೆ
ಎರಡು ಚಹಾ ಬಾಜಿ ಕಟ್ಟಿದ.
ಸೆಲ್ಲುಗಳು ಹಗಲೆಲ್ಲ ಬಿಸಿಲಿಗೆ ಬಿದ್ದುಕೊಂಡು
ಬುಧವಾರಕ್ಕೆ ಅರ್ಧ ಗಂಟೆಯ ಜೀವ ಕೂಡಿಸಿದವು.

ಎಂಟನೇ ವಾರ.
ಶಹಾಬಾದಿನ ಫರ್ಸಿಯ ಮೇಲೆ ಬೂಟಿನ ಹೆಜ್ಜೆ.
ಟಕ್.
ನಿಂತಿತು.
ಟಕ್, ಟಕ್.
"ಅಂದರೆ, ಮಾಲಿನಿದೇವಿಯವರನ್ನು ಕೊಂದದ್ದು"
ಎಂದು ಇನ್ಸ್‌ಪೆಕ್ಟರು ಉಸಿರೆಳೆದುಕೊಂಡಾಗ
ಗಂಜಿನ ಕಡೆಯಿಂದ ಗಾಳಿ ಎದ್ದು, ಸಿಡಿಲು ಬಿದ್ದು,
ಕರ್ರ್ರ್.
ಪ್ರಸಾರ ಮರಳಿದಾಗ ಕ್ಷಮೆ ಕೇಳಿ ಸಿತಾರ್ ಹಚ್ಚಿದರು.

ಮಿಂಚಿನಲ್ಲಿ ಕಂಡೆ:
ಮಾಳಿಗೆ ಮಾಳಿಗೆಯಿಂದ ಮುಖಗಳು
ನನ್ನ ಕಡೆ ತಿರುಗಿದ್ದವು.

ರೇವಣಪ್ಪನಿಗೆ ಡಾಕ್ಟರು ಅಂದೆ,
ತೊಗರಿಬೇಳೆ ಒಂದು ಬೊಗಸೆ ಹೆಚ್ಚೇ ಸುರಿದ.
ಮಕ್ತುಂನಿಗೆ ಮೈದುನ.
ಅತ್ತೆಗೆ ಕಿವುಡ ಆಳು.
"ನನಗ ಗೊತ್ತಿತ್ತು," ಅಂದರು, "ಕಿವುಡರಿಗೇ ಎಲ್ಲಾ ಕೇಳತದ."
ಗಂಡ ಏನೂ ಕೇಳಲಿಲ್ಲ.
ಆವತ್ತಿನಿಂದ ಕೋಣೆಗೆ ಬರುವ ಮೊದಲು
ಹೊರಗೆ ನಿಂತು ಒಮ್ಮೆ ಕೆಮ್ಮುತ್ತಿದ್ದ.

ಸ್ಟೇಷನ್ನಿಗೆ ಹೋದೆ, ಕಡೆಗೆ.
ಆ ಟೇಪಿನ ಮೇಲೆ ಹಂತಿ ಪದ ತುಂಬಿದ್ದರು.
ನಾಟಕ ಬರೆದವರಿಗೆ ಭದ್ರಾವತಿಗೆ ವರ್ಗ.
ಇನ್ಸ್‌ಪೆಕ್ಟರ್ ಪಾರ್ಟಿನವ ಬೀದರ್ ಬಸ್ಸಿನ ಕಂಡಕ್ಟರ್,
ಟಿಕೆಟ್ ಹರಿಯುತ್ತ ಅಂದ:
"ಯಾರದೋ ಹೆಸರು ಓದಿದ್ನೆಲ್ರಿ, ಯಾರದು ಅದು..."

ಮೂವತ್ತೆಂಟು ವರ್ಷ.
ಹೋದ ವಾರ ಸೂಪರ್ ಮಾರ್ಕೆಟ್ಟಿನಲ್ಲಿ
ಕಲ್ಲಂಗಡಿ ರಾಶಿಯ ಮುಂದೆ ಖಯ್ಯೂಮ್ ಸಾಬರು.
ಕಣ್ಣು ಮಂಜು, ಬೆರಳು ಹಳೆಯವೇ.
ಸಾಬರೇ, ಆ ಹೆಜ್ಜೆ ಯಾರದಿತ್ತು?
"ಹೆಜ್ಜಿ ನಂದೇ ಅವ್ವಾ.
ಮನಶ್ಯಾ ಯಾರಂತ ಹೇಳಿರಲಿಲ್ಲ,
'ಸಾವಕಾಶ ನಡೀರಿ' ಅಂದಿದ್ರು, ನಡದೆ."
ಹೆಸರು ಹೇಳುವಾಗ ನೀವಲ್ಲೇ ಇದ್ದಿರಲ್ಲ?
"ಇದ್ದೆ. ತಗಡು ಅಲಗಾಡಿಸಿ ಗುಡುಗು ಮಾಡಲಿಕತ್ತಿದ್ದೆ.
ಆ ಗದ್ದಲದಾಗ ಏನು ಕೇಳತದ?"

ಒಂದು ಹಣ್ಣು ಎತ್ತಿ, ನಾಲ್ಕು ಬಡಿದು,
ಈ ಸಲ ನನ್ನ ಕಿವಿಗೆ ಹಿಡಿದರು.
ಒಳಗೆ ಯಾರೋ ಉಸಿರು ಬಿಗಿಹಿಡಿದು
ಬಾಗಿಲ ಹಿಂದೆ ನಿಂತ ಹಾಗಿತ್ತು.

ಐದು ಕಿಲೋ. ಆಟೋದಲ್ಲಿ
ತೊಡೆಯ ಮೇಲಿಟ್ಟುಕೊಂಡು ಬಂದೆ.
ಇನ್ನೂ ಕೊಯ್ದಿಲ್ಲ.