ಭಾಗ ಎರಡು

ಮೊದಲ ಭಾಗದ ಕೊನೆಗೆ ಮಕ್ಕಳೆಲ್ಲ ಸುಟ್ಟು ಸತ್ತಿದ್ದರು.
ಎರಡನೆಯದಕ್ಕೆ ಹೇಗೆ ಎದ್ದು ಬಂದರು ಅಂತ ಕೇಳಿದೆ.
'ಅದನ್ನು ತೋರಿಸಲು ದುಡ್ಡಿಲ್ಲ' ಅಂದ ಹೇಮಾಂಗ್,
ನಿರ್ದೇಶಕ, ಮಲಾಡಿನವ, ಐದು ದಿನವೂ ಹಲ್ಲುನೋವು.
'ಎದ್ದು ಬಂದಿದ್ದಾರೆ, ಅಷ್ಟೇ.'

ಪುಣೆಯಿಂದ ಸೋಲಾಪುರ ರಸ್ತೆ, ಯವತ್ ದಾಟಿ ಎಡಕ್ಕೆ
ಒಂದು ಇಟ್ಟಿಗೆ ಭಟ್ಟಿ. ಅಲ್ಲಿನ ಮಕ್ಕಳು ಸಿಂದಗಿ ಕಡೆಯವರು,
ಕನ್ನಡ ಬಿಟ್ಟರೆ ಮಾಲೀಕನ ಮರಾಠಿ ಬೈಗುಳ ನಾಲ್ಕು ಬಲ್ಲವರು.
ಹಾಗಾಗಿ ರಕ್ತ ಕಲಸಲು ಬಂದ ನಾನು
ಮುನ್ನೂರು ರೂಪಾಯಿ ಮೇಲೆ ಕೊಡುತ್ತೇವೆ ಅಂದದ್ದಕ್ಕೆ
ಕೊಲೆಗಳನ್ನೂ ಕನ್ನಡಕ್ಕೆ ತರುವವಳಾದೆ.

ಕತೆ ಇಷ್ಟು: ಭಟ್ಟಿಯೊಳಗೆ ಒಬ್ಬ ತಾಯಿ, ಹಸಿದವಳು.
ಹದಿನಾಲ್ಕು ದಾಟಿದವರೆಲ್ಲ ಅವಳಿಗೆ ಊಟ.
ಮಕ್ಕಳು ಹಿಡಿಯಬೇಕು, ಜಜ್ಜಬೇಕು, ಬೆಂಕಿಗೆ ತಳ್ಳಬೇಕು,
ಆಮೇಲೆ ಸಾಲಾಗಿ ನಿಂತು ಸುಮ್ಮನೆ ನೋಡಬೇಕು.
ಹೇಳಿ ಮುಗಿಸಿರಲಿಲ್ಲ, ಸಾಬವ್ವ ಕೇಳಿದಳು:
'ದೊಡ್ಡೋರ್ನೆಲ್ಲಾ ಕೊಂದ್ಮ್ಯಾಲ ರೊಟ್ಟಿ ಯಾರ್ ಬಡೀತಾರ?'
ಹಿಂದಿಯಲ್ಲಿ ಹೇಮಾಂಗ್‌ಗೆ ದಾಟಿಸಿದೆ.
ಅವನು ಸ್ಕ್ರಿಪ್ಟಿನ ಹಾಳೆ ತಿರುವಿ ತಿರುವಿ ನೋಡಿದ.

ಸಕ್ಕರೆ ಪಾಕ, ಕೆಂಪು ಬಣ್ಣ, ಚಿಟಿಕೆ ನೀಲಿ,
ಕೋಕೋ ಪುಡಿ, ಮಂದವಾಗಲು ಮೈದಾ.
ಒಂಬತ್ತಕ್ಕೆ ಒಂದು ಬಕೆಟ್ ರಕ್ತ. ಹನ್ನೊಂದಕ್ಕೆ ಅರ್ಧ,
ಇನ್ನರ್ಧದ ಸುಳಿವು ಮಾಳಪ್ಪನ ಗದ್ದದ ಮೇಲೆ.
ಪೋಸ್ಟ್ ಮಾಸ್ತರರ ಪಾತ್ರದವರು ಹೆಣವಾಗಿ ಮಲಗಿದ್ದಾಗ
ಇರುವೆ ಸಾಲು ಅವರ ಕಿವಿಯ ದಾರಿ ಹಿಡಿಯಿತು.
ಹೆಣ ಎದ್ದು ಓಡಿತು, ಲುಂಗಿ ಕೈಯಲ್ಲಿ.
ನಿಜವಾದ ಭಯ ಆ ಸಿನಿಮಾದಲ್ಲಿ ಅದೊಂದೇ,
ಅದನ್ನೂ ಕತ್ತರಿಸಿದರಂತೆ.

ತಲೆ ಒಡೆಯಲು ಥರ್ಮೋಕೋಲ್ ಇಟ್ಟಿಗೆ, ದಾದರಿನಿಂದ ತರಿಸಿದ್ದು.
ಎರಡು ಗಾಳಿಗೆ ಹಾರಿ ಹೋದವು; ಮಕ್ಕಳು ಬಿದ್ದು ಬಿದ್ದು ನಕ್ಕರು.
'ಭಾರ ಕಾಣಬೇಕು' ಅಂದ ಹೇಮಾಂಗ್.
'ಭಾರ ಇದ್ದಂಗ ಮಾಡ್ರೋ' ಅಂದೆ.
ಗುರಲಿಂಗ, ಹತ್ತು ವರ್ಷ,
ದಿನಾ ತಲೆ ಮೇಲೆ ಎಂಟೆಂಟು ಇಟ್ಟಿಗೆ ಹೊರುವವ,
ತನಗೆ ಗೊತ್ತಿದ್ದಂತೆಯೇ ನಡೆದು ಬಂದ:
ಕತ್ತು ನೆಟ್ಟಗೆ, ಹೆಜ್ಜೆ ಚಿಕ್ಕದು, ಮುಖದಲ್ಲಿ ಏನೂ ಇಲ್ಲ.
'ಈ ಹುಡುಗನಿಗೆ ಭಾರ ಅಂದರೇನು ಗೊತ್ತಿಲ್ಲ' ಅಂದ.
ಅದನ್ನು ಮಾತ್ರ ನಾನು ಕನ್ನಡಕ್ಕೆ ತರಲಿಲ್ಲ.

ಅವರಿಗೆ ಬಾರದೇ ಹೋದದ್ದು ಸುಮ್ಮನೆ ನಿಲ್ಲುವುದು.
ಒಬ್ಬ ತುರಿಸಿಕೊಂಡ. ಒಬ್ಬಳು ಲೋಹಗಾಂವಿನ ವಿಮಾನ ಕಂಡು
ಕೈ ಬೀಸಿದಳು. ಯಾರದೋ ಅವ್ವ ಕರೆದಳು, ನಾಲ್ವರು ಓಡಿದರು.
ಒಂಬತ್ತು ಟೇಕ್. ಹೇಮಾಂಗ್ ಲವಂಗ ಕಚ್ಚಿಕೊಂಡು
'ಹೋಗಲಿ, ಹೊಗೆ ಬಿಡಿ' ಅಂದ.

ಐದನೆಯ ರಾತ್ರಿ ವ್ಯಾನಿಗೆ ಸಾಮಾನು ಏರಿತು.
ಮಕ್ಕಳ ದುಡ್ಡು ಸೋಮವಾರ ಬರುತ್ತದೆ ಅಂದ ಮ್ಯಾನೇಜರ್,
ಯಾವ ಸೋಮವಾರ ಅನ್ನಲಿಲ್ಲ.
ಡ್ರೈವರ್ ದೀಪ ಹಾಕಿದ.

ದಾರಿಗೆ ಅಡ್ಡ ಹದಿನೇಳು ಮಕ್ಕಳು,
ಮೈಗೆ ಬಳಿದ ಬೂದಿ ಇನ್ನೂ ತೊಳೆದಿರಲಿಲ್ಲ.
ಯಾರೂ ತುರಿಸಿಕೊಳ್ಳಲಿಲ್ಲ. ಯಾರೂ ಮಾತಾಡಲಿಲ್ಲ.
ಮುಂದೆ ಸಾಬವ್ವ, ಕೈಯಲ್ಲಿ ಇಟ್ಟಿಗೆ.
ಥರ್ಮೋಕೋಲಿನದಲ್ಲ, ಅವಳ ತೋಳಿನ ನರ ಹೇಳುತ್ತಿತ್ತು.
'ಏನಂತೆ ಇವರದ್ದು?' ಹೇಮಾಂಗ್ ನನ್ನ ಭುಜ ಹಿಡಿದ.
ಅವರು ಏನೂ ಅಂದಿರಲಿಲ್ಲ. ಏನು ಅನುವಾದಿಸಲಿ?
ಕ್ಯಾಮೆರಾ ಪೆಟ್ಟಿಗೆಯಲ್ಲಿ ನಿದ್ದೆ ಹೋಗಿತ್ತು.

ಜೇಬುಗಳೆಲ್ಲ ಸೇರಿ ನಾಲ್ಕು ಸಾವಿರದ ಇನ್ನೂರು,
ಅದರಲ್ಲಿ ನನ್ನ ಮುನ್ನೂರೂ ಹೋಯಿತು.
ಗುರಲಿಂಗ ಎರಡು ಸಲ ಎಣಿಸಿದ.
ಸಾಲು ಬಿಚ್ಚಿಕೊಂಡಿತು. ನಾವು ಹೊರಟೆವು.

ಹಿಂದಿನ ಗಾಜಿನಲ್ಲಿ ಕಂಡಿದ್ದು:
ಸಾಬವ್ವ ಇಟ್ಟಿಗೆಯನ್ನು ಒಯ್ದು ರಾಶಿಯಲ್ಲಿ
ತೆಗೆದ ಜಾಗದಲ್ಲೇ ಕೂರಿಸುತ್ತಿದ್ದಳು.
ಲೆಕ್ಕಕ್ಕೆ ಒಂದು ಕಡಿಮೆ ಬಿದ್ದರೂ
ಅಪ್ಪನ ಪಗಾರದಲ್ಲಿ ಮುರಿಯುತ್ತಾರೆ.