ಸೈಡ್ ಬಿ, ಮೂರನೆಯ ಹಾಡು

ಬಸ್ತ್ಯಾಂವ್ ದಾದಾ ಹಡಗಿನಿಂದ ಇಳಿದಾಗ ತಂದದ್ದು
ನಾಲ್ಕು ಸಾಬೂನು, ಒಂದು ಟಾರ್ಚು,
ಮತ್ತೆ ಈ ಕ್ಯಾಸೆಟ್ಟು. ಕವರಿನ ಮೇಲೆ ಉರಿಯುವ ಊರು,
ಊರಿಗೆ ಮುಖ ಮಾಡಿ, ನಮಗೆ ಬೆನ್ನು ತೋರಿಸಿ
ನಿಂತ ಒಬ್ಬ ಹೆಂಗಸು.

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದೆ
ಕಂಪ್ರೆಸರಿನ ಸದ್ದಿನ ಮರೆಯಲ್ಲಿ ನಾವು ಮೂರು ಜನ:
ನಾನು, ಮಿಂಗೇಲನ ಮಗ ಸಾಂತಾನ,
ಡ್ರಮ್ಮಿಗೆ ದಾಮು ತಾಂಡೇಲ. ಡ್ರಮ್ಮು ಅಂದರೆ
ಡೀಸೆಲಿನ ಎರಡು ಖಾಲಿ ಪೀಪಾಯಿ.
'ಹೆವಿ ಮೆಟಲ್ ಅಂದರೆ?' ಕೇಳಿದ.
'ಭಾರದ ಲೋಹ' ಎಂದೆ.
'ಇಲ್ಲಿ ಉಳಿಯುವುದಿಲ್ಲ ಬಿಡು. ತುಕ್ಕು ಹಿಡೀತದೆ.'

ಒಳಗಿನ ಕಾಗದದಲ್ಲಿ ಇರುವೆ ಸಾಲಿನಂಥ ಇಂಗ್ಲಿಷು,
ಯಾರಿಗೂ ಪೂರ್ತಿ ಬಾರದು.
ಅಪ್ಪನ ಕನ್ನಡ ಬೈಬಲನ್ನೇ ನಿಘಂಟು ಮಾಡಿಕೊಂಡೆವು.
ಹೆಸರೊಂದು ಸಿಕ್ಕರೆ ಪುಟ ತಿರುವು, ಉಳಿದದ್ದು ಊಹಿಸು.
ಮೊದಲ ಹಾಡಿನಲ್ಲಿ ಕಾಯಿನ
ಹೊಲದ ಹುಲ್ಲಿಗೆ ಕೈ ಒರೆಸುತ್ತಿದ್ದ.
ಎರಡನೆಯದರಲ್ಲಿ ಯಾಯೇಲಳು
ಹಾಲು ಕುಡಿಸಿ, ಕಂಬಳಿ ಹೊದೆಸಿ,
ಸೇನಾಪತಿಯ ಕಣತಲೆಗೆ ಗುಡಾರದ ಗೂಟ ಹೊಡೆದಳು.
ದಾಮು ಬಾಯಿ ಬಿಟ್ಟ:
'ಇದನ್ನೆಲ್ಲ ನಿಮ್ಮ ಇಗರ್ಜಿಯಲ್ಲಿ ಓದ್ತಾರಾ ಮಾರಾಯ?'
ಇಲ್ಲ. ಆ ಪುಟ ಬಂದಾಗ ಪಾದ್ರಿ
ನಿಲುವಂಗಿ ಎತ್ತಿ ಹಳ್ಳ ದಾಟುತ್ತಾರೆ.

ಮೂರನೆಯದು ನಿಧಾನ. ಲಂಗರು ಎಳೆದ ಹಾಗೆ ಗಿಟಾರು,
ಸರಪಳಿಯ ಒಂದೊಂದೇ ಕೊಂಡಿ
ದೋಣಿಯಂಚಿಗೆ ಬಡಿದುಕೊಂಡು ಮೇಲೆ ಬರುತ್ತದೆ.
ಆಮೇಲೆ ಒಬ್ಬ ಕೂಗುತ್ತಾನೆ.
ಹಾಡುವುದಲ್ಲ.

ತೋಡೂರ ಕಾಲನಿ, ಹೊಸ ಮನೆ, ಗೋಡೆಗೆ ನಂಬರು.
ಹಿತ್ತಿಲಲ್ಲಿ ಆಪೊಲಿನ್ ಮಾಯ್
ಬಂಗಡೆಗೆ ಉಪ್ಪು ತುಂಬುತ್ತಿದ್ದಳು.
'ಯಾರವನು? ಎಲ್ಲಿ ನೋವಂತೆ?'
'ಹಾಡು ಮಾಯ್. ಲೋಟನ ಹೆಂಡತಿಯದು.'
'ಏನನ್ನುತ್ತಾನೆ?'
ತಪ್ಪುತಪ್ಪಾಗಿ ಬಿಡಿಸಿ ಹೇಳಿದೆ:
ಆಕಾಶದಿಂದ ಗಂಧಕ, ಮುಂದೆ ದೂತರು,
ತಿರುಗಬೇಡ ಎಂದರು, ತಿರುಗಿದಳು,
ಕಾಲಿಂದ ಶುರುವಾಯಿತು, ನಾಲಿಗೆ ಕೊನೆಗೆ.
'ಅವಳ ಹೆಸರು?'
ಕಾಗದವನ್ನು ಬೆಳಕಿಗೆ ಹಿಡಿದೆ. ಬೈಬಲನ್ನೂ ತೆರೆದೆ.
ಎರಡರಲ್ಲೂ ಇರಲಿಲ್ಲ.
'ಇಷ್ಟು ಬೊಬ್ಬೆ ಹೊಡೆಯುವವನಿಗೆ
ಹೆಸರೊಂದು ಕೇಳಲಿಕ್ಕೆ ಆಗಲಿಲ್ಲವಾ?'
ಬಂಗಡೆಯ ಹೊಟ್ಟೆ ಸೀಳಿದಳು. ಸ್ವಲ್ಪ ಹೊತ್ತಿನ ಮೇಲೆ:
'ಒಲೆಯ ಮೇಲೆ ಏನೋ ಇಟ್ಟು ಬಂದಿರಬೇಕು, ಪಾಪ.'

ನಮ್ಮನ್ನು ಎಬ್ಬಿಸಿದ ದಿನ ನನಗೆ ಹನ್ನೊಂದು.
ನೇವಿಗೆ ಕಡಲು ಬೇಕಿತ್ತು, ಕಡಲಿನ ಬದಿಗೆ ನಾವಿದ್ದೆವು.
ಲಾರಿಯಲ್ಲಿ ಎಲ್ಲರೂ ಡ್ರೈವರನ ಬೆನ್ನು ನೋಡುತ್ತ ಕೂತರು.
ಮಾಯ್ ರುಬ್ಬುಗಲ್ಲಿನ ಮೇಲೆ, ಹಿಂದಕ್ಕೆ ಮುಖ ಮಾಡಿ.
ಆಗಲೇ ಹಂಚು ಇಳಿಸುತ್ತಿದ್ದರು.
ಬಾವಿಯ ಹತ್ತಿರ ಯಾರೋ ಬಿಟ್ಟುಬಂದ ಕೊಡ
ತಿರುವಿನವರೆಗೂ ಹೊಳೆಯುತ್ತಿತ್ತು.

'ನಾನು ಪೂರಾ ತಿರುಗಿ ಕೂತಿದ್ದೆ' ಎಂದಳು,
'ಏನಾಯಿತು? ಏನೂ ಆಗಲಿಲ್ಲ' ಎಂದು
ಎರಡೂ ಕೈ ಎತ್ತಿ ತೋರಿಸಿದಳು.
ಮೊಣಕೈಯವರೆಗೆ ಉಪ್ಪು.

ನಗು ಬಂತು ನನಗೆ, ಅವಳಿಗೂ.
'ಒಂದು ಹೆಂಗಸಿನಷ್ಟು ಉಪ್ಪು!
ಸಾಣಿಕಟ್ಟೆಯಿಂದ ತರಿಸಿದರೆ ಎಷ್ಟಾಗುತ್ತದೆ ಗೊತ್ತಾ?
ಮತ್ತೊಮ್ಮೆ ಹಾಕು.'
ಪೆನ್ಸಿಲು ಸಿಕ್ಕಿಸಿ ಹಿಂದಕ್ಕೆ ಸುತ್ತಿದೆ.

ನಾತಾಳ ರಾತ್ರಿ, ಕಾಲನಿಯ ಮೈದಾನ,
ಸಾಂತಾನನ ಗಿಟಾರು, ಎರವಲು ತಂದ ಒಂದು ಸ್ಪೀಕರು.
ಮೊದಲ ಸಾಲಿನಲ್ಲಿ ಪಾದ್ರಿ, ಕೇಕು ಹಿಡಿದ ಮಕ್ಕಳು.
ಹೆಸರಿಲ್ಲದ ಜಾಗ ಬಂದಾಗ
ಗಂಟಲು ಹರಿಯುವ ಹಾಗೆ ನಾನು 'ಆಪೊಲಿನ್' ಎಂದೆ.
ಯಾರೋ ಫ್ಯೂಸು ಕಿತ್ತರು.
ಗಿಟಾರು ಸತ್ತಿತು, ಮೈಕು ಸತ್ತಿತು,
ನಕ್ಷತ್ರದ ಗೂಡುದೀಪವೂ ಆರಿತು.

ದಾಮುವಿಗೆ ಗೊತ್ತಾಗಲೇ ಇಲ್ಲವೋ, ಗೊತ್ತಾಗಿಯೂ ಬಿಡಲಿಲ್ಲವೋ.
ಪೀಪಾಯಿಗೆ ಕರೆಂಟು ಬೇಡ.
ಕತ್ತಲಲ್ಲಿ ಬಾರಿಸುತ್ತಲೇ ಇದ್ದ,
ಹೆಂಗಸರ ಸಾಲಿನಿಂದ ಯಾರೋ
ಲಯ ತಪ್ಪದ ಹಾಗೆ ಕೆಮ್ಮುತ್ತಿದ್ದರು.